ತಪ್ಪಿದರೆ ಮೊದಲಿನಿಂದ

ತೊಯ್ದ ಮೊಟ್ಟೆ ಟ್ರೇಗೆ ಒಂದು ವಾಸನೆ ಇರುತ್ತದೆ. ಹಳೆಯ ರದ್ದಿ, ಸುಣ್ಣದ ನೀರು, ಸ್ವಲ್ಪ ಕೋಳಿ ಗೂಡು, ಇಷ್ಟೂ ಕಲಸಿದಂತೆ. ಒಳ್ಳೆಯ ವಾಸನೆಯೇನಲ್ಲ. ಈ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ಮಾನ್ವಿಯಲ್ಲಿ ಮೊದಲ ಮಳೆ ಬಿತ್ತು. ಮರುದಿನ, ಅಂದರೆ ಇವತ್ತು ಬೆಳಿಗ್ಗೆ, ಶಾಲೆಯ ಅಡುಗೆ ಕೋಣೆಯ ಬೀಗ ತೆಗೆದರೆ ಆ ವಾಸನೆ ಮೂಗಿಗೆ ಬಡಿಯಿತು. ತಗಡು ಸೋರಿ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಖಾಲಿ ಟ್ರೇಗಳು ನೆನೆದು ಅಂಬಲಿಯಾಗಿದ್ದವು. ಎತ್ತಿ ಹೊರಗೆ ಎಸೆಯುತ್ತಾ ಬಂದೆ. ತಳದಲ್ಲಿ ಒಂದು ತುಂಡು ಸಿಕ್ಕಿತು. ಹರಿದದ್ದಲ್ಲ, ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಆರಾರು ಗುಳಿಯ ಎರಡೇ ಸಾಲು. ಅದನ್ನು ಮಾತ್ರ ಕಿಟಕಿಯಲ್ಲಿ ಒಣಗಲು ಇಟ್ಟೆ.

"ಅದ್ಯಾಕ ಇಟ್ಟಿ? ಕಸ ಅದು" ಎಂದಳು ನನ್ನ ಜೊತೆ ಅಡುಗೆ ಮಾಡುವ ಲಚ್ಚಮ್ಮ.

"ಇರ್ಲಿ ಬಿಡು" ಎಂದೆ. ಅವಳಿಗೂ ಗೊತ್ತಿತ್ತು.

ಅದು ಹೋದ ವರ್ಷದ ತುಂಡು. ನನ್ನ ಮೊಮ್ಮಗಳು ಸೂಗಮ್ಮ ಇದೇ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದ ವರ್ಷದ್ದು.

ಬಿಸಿಯೂಟ ಶುರುವಾದಾಗಿನಿಂದ ನಾನು ಇಲ್ಲಿ ಅಡುಗೆ ಮಾಡುತ್ತೇನೆ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಆದರೆ ಮಗ್ಗಿ ಇಪ್ಪತ್ತರವರೆಗೆ ಬಾಯಿಪಾಠ. ಅದನ್ನು ಕಲಿಸಿದ್ದು ಶಾಲೆಯಲ್ಲ, ನಮ್ಮಪ್ಪ. ಅವನು ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕಾಳಿನ ದೊಡ್ಡ ಬಜಾರಿನಲ್ಲಿ, ಸೇರು ಹಿಡಿದು ಕಾಳು ಅಳೆಯುತ್ತಿದ್ದ. ಮೊದಲ ಸೇರಿಗೆ ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು. ಆಮೇಲೆ ಎರಡು, ಮೂರು. ಅಳೆಯುವವನ ಹತ್ತಿರ ಯಾರೂ ಮಾತಾಡಬಾರದು. ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಅಷ್ಟೂ ಕಾಳನ್ನು ರಾಶಿಗೆ ವಾಪಸ್ ಸುರಿದು ಮತ್ತೆ ಲಾಭದಿಂದ ಶುರು. ಐವತ್ತನೇ ಸೇರಿನಲ್ಲಿ ತಪ್ಪಿದರೂ ಅಷ್ಟೇ. ಅದಕ್ಕೇ ಅವನ ಅಳತೆಯ ಮೇಲೆ ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ಮಗ್ಗಿಯನ್ನೂ ಹಾಗೇ ಕಲಿಸಿದ. ನಡುವೆ ತಪ್ಪಿದರೆ ಮೊದಲಿನಿಂದ. ನಾನು ಅದನ್ನೇ ಸೂಗಮ್ಮಗೆ ಕಲಿಸಿದೆ.

ಸೂಗಮ್ಮ ನನ್ನ ಮಗಳು ದೇವಮ್ಮನ ಹಿರಿಯ ಕೂಸು. ದೇವಮ್ಮ, ಅವಳ ಗಂಡ ಇಬ್ಬರೂ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಹುಡುಗಿ ಐದು ವರ್ಷದವಳಿದ್ದಾಗ ನನ್ನ ಹತ್ತಿರ ಬಿಟ್ಟರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಎದುರಿಗೆ ನಿಲ್ಲಿಸಿ ಹೇಳಿಸುತ್ತಿದ್ದೆ. ಎಂಟು ವರ್ಷಕ್ಕೆಲ್ಲ ಇಪ್ಪತ್ತರ ಮಗ್ಗಿ ಸರಾಗ. ಶನಿವಾರ ಶಾಲೆ ಬಿಡುವ ಮುಂಚೆ ಎಲ್ಲ ಹುಡುಗರನ್ನು ಅಂಗಳದಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುವಾಗ ಮುಂದೆ ನಿಂತು ಹೇಳಿಕೊಡುವವಳು ಅವಳೇ. ನಾನು ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದೆ. ಹೆಮ್ಮೆ ಎನ್ನುವುದು ನನಗೆ ಏನಾದರೂ ಇದ್ದರೆ ಅದೊಂದೇ ಇತ್ತು.

ಹೋದ ವರ್ಷ ಯುಗಾದಿಗೆ ದೇವಮ್ಮ ಬಂದಳು. ಸೊಂಟದಲ್ಲಿ ಆರು ತಿಂಗಳ ಗಂಡು ಕೂಸು. ಬಂದ ದಿನವೇ ಮಾತು ತೆಗೆದಳು.

"ಯವ್ವಾ, ಬರೋ ವರ್ಷ ಇಕಿದು ಐದನೇತ್ತ ಮುಗೀತದ. ಆಮ್ಯಾಲ ಕರ್ಕೊಂಡು ಹೋಗ್ತೀನಿ. ಕೆಲಸದಾಗ ಕೂಸು ಹಿಡಿಯಾಕ ಯಾರೂ ಇಲ್ಲ ನನಗ."

"ಸಾಲಿ?"

"ಸಾಲಿ ಅಲ್ಲಿ ಇಲ್ಲೇನು?"

"ಇರ್ತಾವ. ನೀ ಕಳಸ್ತೀ ಏನು?"

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಸುಳ್ಳು ಹೇಳುವ ಹುಡುಗಿಯಲ್ಲ ದೇವಮ್ಮ. ನಾನೂ ಅವಳನ್ನು ಬೈಯಲಿಲ್ಲ. ಸಿಮೆಂಟು ಹೊರುವವಳು ಕೂಸನ್ನು ಎಲ್ಲಿ ಇಡಬೇಕು? ನನ್ನ ಹತ್ತಿರ ಬಿಡು ಅನ್ನೋಣವೆಂದರೆ ಅದಕ್ಕೆ ಇನ್ನೂ ಎದೆಹಾಲು, ನನಗೆ ಹತ್ತು ಗಂಟೆಯಿಂದ ಒಲೆ. ಕೊನೆಗೆ ಒಂದು ಮಾತಿಗೆ ಒಪ್ಪಿದಳು. ಐದನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದ ವಸತಿ ಶಾಲೆಯ ಪರೀಕ್ಷೆ ಇರುತ್ತದಲ್ಲ, ಅದರಲ್ಲಿ ಸೀಟು ಸಿಕ್ಕರೆ ಹುಡುಗಿ ಅಲ್ಲೇ ಇದ್ದು ಹತ್ತನೇ ಕ್ಲಾಸಿನವರೆಗೆ ಓದಲಿ. ಊಟ, ಬಟ್ಟೆ, ಹಾಸಿಗೆ ಎಲ್ಲ ಅವರದೇ. ಸಿಗದಿದ್ದರೆ ಹೈದರಾಬಾದ್.

"ಸಿಗ್ತದ ಬಿಡು. ಮಗ್ಗಿಯೊಳಗ ಇಕಿನ್ನ ಮೀರಿಸೋರು ಈ ಊರಾಗ ಯಾರದಾರ?" ಎಂದೆ. ಇದನ್ನು ಹೇಳಿದ್ದು ನಾನೇ. ನೆನಪಿದೆ.

ಜೂನ್‌ನಲ್ಲಿ ಐದನೇ ಕ್ಲಾಸಿಗೆ ಹೊಸ ಅಕ್ಕೋರು ಬಂದರು. ಹೆಸರು ನಸೀಮಾ. ದೇವದುರ್ಗದವರು, ಒಂದೇ ವರ್ಷದ ಅತಿಥಿ ಶಿಕ್ಷಕಿ. ಮಾನ್ವಿಯಲ್ಲಿ ಒಂದು ರೂಮು ಹಿಡಿದಿದ್ದರು. ಸಣಕಲು ದೇಹ, ತಲೆಯ ಮೇಲೆ ಪಿನ್ನು ಹಾಕಿದ ದುಪಟ್ಟಾ, ಕೈ ತುಂಬ ಗಾಜಿನ ಬಳೆ. ಬಂದ ಎರಡನೇ ದಿನವೇ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಅಮ್ಮಾ, ತತ್ತಿ ಟ್ರೇ ಖಾಲಿ ಇದ್ರ ಎರಡು ಕೊಡ್ರಿ."

"ಯಾಕ್ರಿ ಅಕ್ಕೋರ, ಕೋಳಿ ಸಾಕ್ತೀರೇನು?"

"ಇಲ್ರಿ, ಲೆಕ್ಕ ಸಾಕ್ತೀನಿ."

ಲಚ್ಚಮ್ಮ ಕಿಸಕ್ಕನೆ ನಕ್ಕಳು. ನಾನು ಕೊಟ್ಟೆ. ಅಕ್ಕೋರು ಅಲ್ಲೇ ಕಟ್ಟೆಯ ಮೇಲೆ ಕೂತು ಚೀಲದಿಂದ ಕತ್ತರಿ ತೆಗೆದು ಒಂದು ಟ್ರೇಯನ್ನು ಕಚಕಚನೆ ಕತ್ತರಿಸಿಯೇಬಿಟ್ಟರು.

"ಅಯ್ಯ ಅಯ್ಯ, ತತ್ತಿಯವಗ ಟ್ರೇ ವಾಪಸ್ ಕೊಡ್ಬೇಕ್ರಿ! ಅಂವ ನನ್ನ ಹಿಡ್ಕೊಂತಾನ!"

"ನನ್ನ ಹೆಸರು ಹೇಳ್ರಿ. ಇಲಿ ತಿಂತು ಅನ್ಬ್ಯಾಡ್ರಿ ಮತ್ತ, ಇಲಿ ಇಷ್ಟು ನೆಟ್ಟಗ ಕಡಿಯಂಗಿಲ್ಲ."

ಅಡುಗೆ ಕೋಣೆಯ ಕಿಟಕಿಯಿಂದ ಐದನೇ ಕ್ಲಾಸು ಕಾಣುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ನೋಡುತ್ತಿದ್ದೆ. ಅಕ್ಕೋರು ಇಡೀ ಟ್ರೇ ಎತ್ತಿ ಒಂದು ಕ್ಷಣ ತೋರಿಸಿ ಬೆನ್ನ ಹಿಂದೆ ಮುಚ್ಚುತ್ತಿದ್ದರು. "ಎಣಿಸ್ಬ್ಯಾಡ್ರಿ, ನೋಡ್ರಿ. ಎಷ್ಟು?" ಐದು ಸಾಲು, ಆರಾರು ಗುಳಿ, ಮೂವತ್ತು. ನಾಲ್ಕು ದಿನಕ್ಕೆ ಎಲ್ಲ ಹುಡುಗರೂ ಮೂವತ್ತು ಎಂದು ಕೂಗಲು ಕಲಿತರು. ಆಮೇಲೆ ಅದರ ಕೆಳಗೆ ಆ ಎರಡು ಸಾಲಿನ ತುಂಡನ್ನು ಜೋಡಿಸಿ ಹಿಡಿದರು. "ಈಗ ಏಳು ಸಾಲು. ಮೂವತ್ತು ಇದ್ದೇ ಅದ. ಮ್ಯಾಲ ಎಷ್ಟು ಬಂತು? ಹನ್ನೆರಡು. ಆತಲ್ಲ, ನಲವತ್ತೆರಡು. ಐದಕ್ಕ ಹೋಗ್ರಿ, ಅಲ್ಲಿಂದ ನಡೀರಿ."

ನನಗೆ ಅದು ಆಟ ಅನಿಸಿತು. ಮಗ್ಗಿ ಹೇಳಿಸದೆ ಟ್ರೇ ಆಡಿಸುವವರಿಗೆ ಸಂಬಳ ಯಾಕೆ ಎಂದು ಲಚ್ಚಮ್ಮನಿಗೆ ಹೇಳಿದೆ. ಅಕ್ಕೋರಿಗೆ ಕೇಳುವಂತೆಯೇ ಹೇಳಿದೆ.

ಒಂದು ದಿನ ಅವರು ಸೂಗಮ್ಮಳನ್ನು ಎಬ್ಬಿಸಿದರು. "ಏಳೆಂಟ್ಲ ಎಷ್ಟು?" ಹುಡುಗಿಯ ತುಟಿ ಅಲುಗಲು ಶುರುವಾಯಿತು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಅವಳು ಇನ್ನೂ ಏಳ್ನಾಕ್ಲದ ಹತ್ತಿರ ಇರಬೇಕು, ಅಕ್ಕೋರು ನಡುವೆ "ನಿಮ್ಮ ಅಜ್ಜಿ ಹೆಸರೇನವ್ವಾ?" ಎಂದರು. "ಬಸಮ್ಮ ರೀ" ಎಂದಳು. ಎಂದವಳೇ ಮತ್ತೆ ಏಳೊಂದ್ಲದಿಂದ ಶುರು ಮಾಡಿದಳು. ಕೊನೆಗೆ ಐವತ್ತಾರು ಎಂದಳು. ಸರಿಯಾಗಿಯೇ ಹೇಳಿದಳು. ನಾನು ಕಿಟಕಿಯಲ್ಲಿ ಗದ್ದ ಎತ್ತಿ ನಿಂತೆ.

ಊಟದ ಹೊತ್ತಿಗೆ ಅಕ್ಕೋರು ಬಂದರು. "ಅಮ್ಮಾ, ನಡುವ ನಿಂತ್ರ ಮೊದಲಿಂದ ಯಾಕ ಹೇಳ್ತಾಳ ಸೂಗಮ್ಮ?"

ನಾನು ನಮ್ಮಪ್ಪನ ಕಥೆ ಹೇಳಿದೆ, ಲಾಭದ್ದು, ಸೇರಿನದ್ದು. ಅವರು ಪೂರಾ ಕೇಳಿಸಿಕೊಂಡರು.

"ಕಾಳಿಗೆ ಬಾಯಿಲ್ಲಮ್ಮಾ. ಎಲ್ಲಿಗೆ ಬಿಟ್ಟೀದಿ ಅಂತ ಅದು ಹೇಳಂಗಿಲ್ಲ. ಅದಕ್ಕ ವಾಪಸ್ ಸುರೀಬೇಕು. ಲೆಕ್ಕ ಹಂಗಲ್ಲ, ಅದು ಎಲ್ಲಿ ಬಿಟ್ರೂ ಅಲ್ಲೇ ಕುಂತಿರ್ತದ. ನಮ್ಮಪ್ಪ ದೇವದುರ್ಗದ ಸಂತ್ಯಾಗ ಬಳಿ ಮಾರ್ತಾರ. ಏಳು ಡಜನ್‌ಗೆ ಎಷ್ಟು ಬಳಿ ಅಂದ್ರ ಹನ್ನೆರಡೊಂದ್ಲದಿಂದ ಹೇಳ್ಕೊಂತ ಕುಂತ್ರ ಗಿರಾಕಿ ಎದ್ದು ಹೋಗ್ತಾರ."

"ಹೋದ್ರ ಹೋಗ್ಲಿ. ತಪ್ಪು ಲೆಕ್ಕ ಹೇಳೋದಕ್ಕಿಂತ ಗಿರಾಕಿ ಹೋಗೋದು ಚಲೋ."

"ಪರೀಕ್ಷಾದಾಗ ಗಿರಾಕಿ ಅಲ್ಲ, ವ್ಯಾಳ್ಯಾ ಹೋಗ್ತದ."

ನಾನು ಅನ್ನದ ಸೌಟು ಬಡಿದೆ. ಮಾತು ಅಲ್ಲಿಗೆ ಮುಗಿಯಿತು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಎರೆಮಣ್ಣು ಚಪ್ಪಲಿಗೆ ಹಿಡಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಬರಬೇಕು, ಅಂಥ ಮಳೆ. ಕಾಲುವೆಗೆ ನೀರು ಬಿಟ್ಟರು. ಊರ ಸುತ್ತ ಭತ್ತ ನಾಟಿಯಾಯಿತು. ಅಕ್ಕೋರು ಪರೀಕ್ಷೆಗೆ ಹೆಸರು ಕೊಟ್ಟ ಐದಾರು ಮಕ್ಕಳನ್ನು ಊಟವಾದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದರು. ಹೆಚ್ಚು ಹೊತ್ತಲ್ಲ, ಒಂದು ಚಹಾ ಕುದಿಯುವಷ್ಟು ಹೊತ್ತು. ರಟ್ಟಿನ ಚೀಟಿ. ಬರುವ ಲೆಕ್ಕ ನಾಲ್ಕು, ಬಾರದ ಲೆಕ್ಕ ಒಂದು, ಕಲಸಿ ಕೇಳುವುದು. ಬಾರದ್ದು ಬಂದ ಮೇಲೆಯೇ ಇನ್ನೊಂದು. ಒಂದು ದಿನ ಹೆಡ್‌ಮಾಸ್ತರರು ಬಂದು ಗಡಿಯಾರ ಇಟ್ಟು ಬರೆಸಿ ಎಂದರು. ಅಕ್ಕೋರು ಒಪ್ಪಲಿಲ್ಲ. "ಈಗ ಗಡಿಯಾರ ಇಟ್ರ ಹೆದರ್ತಾವ ಸರ್. ಹೆದರಿದ್ರ ಇದ್ದದ್ದೂ ಹೋಗ್ತದ. ಚಳಿಗಾಲಕ್ಕ ಇಡೋಣ." ಮಕ್ಕಳು ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. "ಹೆಂಗ ಬಂತು ಹೇಳು" ಎನ್ನುತ್ತಿದ್ದರು. ಹೇಳುತ್ತಾ ಹೇಳುತ್ತಾ ಅವೇ ತಿದ್ದಿಕೊಳ್ಳುತ್ತಿದ್ದವು. ಅದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಬುದ್ಧಿ ಬರಲಿಲ್ಲ.

ದಸರೆಯ ಹೊತ್ತಿಗೆ ಒಂದು ಸಂಜೆ ಸೂಗಮ್ಮ ಓಡಿ ಬಂದಳು. "ಅಜ್ಜಿ, ಅಜ್ಜಿ, ಆರೇಳ್ಲ ಕೇಳು!"

"ಹೇಳು."

"ನಲವತ್ತೆರಡು! ಓಡೋದೇ ಬ್ಯಾಡ. ಆರೈದ್ಲ ಮೂವತ್ತು ಗೊತ್ತೇ ಅದಲ್ಲ? ಇನ್ನೆರಡು ಆರು ಹನ್ನೆರಡು. ಕೂಡಿಸಿದ್ರ ಆತು!"

ನಾನು ರೊಟ್ಟಿ ಬಡಿಯುತ್ತಿದ್ದೆ. "ಅಡ್ಡದಾರಿ ಹಿಡೀಬ್ಯಾಡ. ಮಗ್ಗಿ ಅಂದ್ರ ಮಗ್ಗಿ. ನಿಂತು ಹೇಳು, ಆರೊಂದ್ಲದಿಂದ."

"ಅಕ್ಕೋರು ಮಾತ್ರ..."

ಬೆನ್ನಿಗೆ ಒಂದು ಬಿತ್ತು. ಹಿಟ್ಟಿನ ಕೈ, ಬೆರಳು ಮೂಡಿದವು ಲಂಗದ ಮೇಲೆ. ಅವಳು ಅಳಲಿಲ್ಲ. ನಿಂತು ಆರೊಂದ್ಲದಿಂದ ಹೇಳಿದಳು. ಆಮೇಲೆ ಯಾವತ್ತೂ ಶಾಲೆಯ ಲೆಕ್ಕವನ್ನು ನನ್ನ ಮುಂದೆ ಹೇಳಲಿಲ್ಲ.

ಮಧ್ಯಾಹ್ನ ಅಕ್ಕೋರು, ಸಂಜೆ ನಾನು. ಭತ್ತ ಕೊಯ್ಲಾಗಿ ಮಿಲ್ಲುಗಳ ತೌಡಿನ ಧೂಳು ಊರ ತುಂಬ ತೇಲುವ ಹೊತ್ತಿಗೆ ಹುಡುಗಿ ಎರಡೂ ಕಡೆ ಅರ್ಧರ್ಧ ಆಗಿದ್ದಳು. ಎರಡು, ಐದು, ಹತ್ತು ಕೇಳಿದರೆ ತಟ್ಟನೆ ಉತ್ತರ. ಏಳು, ಎಂಟು ಬಂದರೆ ಒಂದು ಕ್ಷಣ ಕಣ್ಣು ಮೇಲೆ ಹೋಗುತ್ತಿತ್ತು. ಐದಕ್ಕೆ ಹೋಗಬೇಕೋ, ಒಂದರಿಂದ ಬರಬೇಕೋ. ಡಿಸೆಂಬರಿನಲ್ಲಿ ಅಕ್ಕೋರು ಮೊದಲ ಸಲ ಗಡಿಯಾರ ಇಟ್ಟರು. ಬೇರೆ ಮಕ್ಕಳು ಬರೆದು ಮುಗಿಸಿದಾಗ ಸೂಗಮ್ಮನ ಹಾಳೆ ಅರ್ಧಕ್ಕೆ ನಿಂತಿತ್ತು. ಅಕ್ಕೋರು ಹಾಳೆ ಹಿಡಿದು ನನ್ನ ಹತ್ತಿರ ಬಂದರು.

"ಅಮ್ಮಾ, ಕೈ ಮುಗಿದು ಕೇಳ್ತೀನಿ. ಪರೀಕ್ಷಾ ಮುಗಿಯೋತನ ಸಂಜಿ ಮಗ್ಗಿ ಬಿಡ್ರಿ. ಒಂದೂವರಿ ತಿಂಗಳಷ್ಟೇ."

"ನಿಮ್ದು ಈ ವರ್ಷ ಬಂದ ಬುದ್ಧಿ ಅಕ್ಕೋರ. ನಮ್ಮಪ್ಪಂದು ಇಡೀ ಗಂಜ್ ಒಪ್ಪಿದ ಬುದ್ಧಿ."

ಲಚ್ಚಮ್ಮ ಕೂಡ ಆ ದಿನ ನನ್ನ ಮುಖ ನೋಡಿದಳು. "ನಿಮ್ಮಪ್ಪ ಪರೀಕ್ಷಾ ಬರ್ದಿದ್ನೇನು ಬಸಮ್ಮಾ?" ಎಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ. ಕೇಂದ್ರ ರಾಯಚೂರಿಗೆ ಬಿದ್ದಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಮಾನ್ವಿ ಬಿಟ್ಟೆವು. ಚಳಿಗೆ ಹುಡುಗಿಯ ಕಿವಿಗೆ ನನ್ನ ಹಳೆಯ ಸೀರೆಯ ತುಂಡು ಕಟ್ಟಿದ್ದೆ. ದಾರಿಯುದ್ದಕ್ಕೂ ಮಗ್ಗಿ ಹೇಳಿಸಿದೆ. ಮುಂದಿನ ಸೀಟಿನ ಮುದುಕ ತಿರುಗಿ ನೋಡಿ, "ಭಾರಿ ಶಾಣ್ಯಾ ಅದಾಳಲ್ಲಬೇ ಹುಡುಗಿ!" ಎಂದ. "ಅದಾಳ" ಎಂದೆ.

ಪರೀಕ್ಷೆಯ ಶಾಲೆಯ ಗೇಟಿನಲ್ಲಿ ಅಕ್ಕೋರು ನಿಂತಿದ್ದರು. ರಜೆಗೆಂದು ದೇವದುರ್ಗಕ್ಕೆ ಹೋದವರು ಅಲ್ಲಿಂದ ನೇರ ಬಂದಿದ್ದರು, ಗಬ್ಬೂರು ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ. ಸೂಗಮ್ಮನ ಕೈಗೆ ಎರಡು ಹೊಸ ಪೆನ್ನು ಕೊಟ್ಟು, ಕೂದಲು ಸರಿ ಮಾಡಿ, "ನೋಡವ್ವಾ, ಬಾಯಿ ಅಲುಗಿಸ್ಬ್ಯಾಡ. ತಿಳೀಲಿಲ್ಲ ಅಂದ್ರ ಐದಕ್ಕ ಹೋಗು, ಅಲ್ಲಿಂದ ನಡಿ. ಆತೇನು?" ಎಂದರು. ಹುಡುಗಿ ತಲೆ ಆಡಿಸಿದಳು. ಅಕ್ಕೋರು ಬೇರೆ ಮಕ್ಕಳನ್ನು ನೋಡಲು ಆ ಕಡೆ ತಿರುಗಿದರು.

ಆಗ ನಾನು ಅವಳ ಗದ್ದ ಹಿಡಿದೆ. "ಅದನ್ನೆಲ್ಲ ತಲಿಯಾಗಿಂದ ತಗಿ. ನಾ ಕಲಿಸಿದಂಗ ಹೇಳು. ತಪ್ಪಿದ್ರ ಮೊದಲಿಂದ. ನಿಮ್ಮ ಮುತ್ತ್ಯಾ ಹಂಗೇ ಅಳೀತಿದ್ದ, ಒಂದು ಸೇರು ತಪ್ಪಿಲ್ಲ."

ಅವಳು ನನ್ನನ್ನು ನೋಡಿದಳು. ಅಕ್ಕೋರ ಬೆನ್ನನ್ನು ನೋಡಿದಳು. "ಹೂಂ ಅಜ್ಜಿ" ಎಂದು ಒಳಗೆ ಹೋದಳು. ಗಂಟೆ ಬಾರಿಸಿ ಗೇಟು ಮುಚ್ಚಿದರು.

ಹೊರಗೆ ಒಂದು ಬೇವಿನ ಮರ. ಅದರ ಕೆಳಗೆ ಎಲ್ಲ ತಾಯಿ ತಂದೆಯರು. ನಾನು ಚೀಲದ ಮೇಲೆ ಕೂತೆ. ಅಕ್ಕೋರು ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಮಾಡಲು ಇಬ್ಬರಿಗೂ ಏನೂ ಇರಲಿಲ್ಲ. ಅವರು ಒಂದು ಕಡ್ಡಿ ಹಿಡಿದು ಮಣ್ಣಿನಲ್ಲಿ ಚುಕ್ಕೆ ಇಡತೊಡಗಿದರು. ಒಂದು ಸಾಲಿಗೆ ಎಂಟು. ಅಂಥ ಏಳು ಸಾಲು.

"ಇದೇನ್ರಿ ರಂಗೋಲಿ?"

"ಏಳೆಂಟ್ಲ."

ನನಗೆ ಬೇರೆ ಕೆಲಸವಿರಲಿಲ್ಲವೆಂದೇ ನೋಡಿದೆ. ಅವರು ಐದು ಸಾಲಿನ ಕೆಳಗೆ ಒಂದು ಗೆರೆ ಎಳೆದರು. "ಇದು ಎಷ್ಟಮ್ಮಾ?"

"ಐದೆಂಟ್ಲ ನಲವತ್ತು." ಅದು ಯಾರಿಗೆ ಗೊತ್ತಿಲ್ಲ.

"ಕೆಳಗ?"

"ಎರಡು ಎಂಟು. ಹದಿನಾರು."

ಅಷ್ಟೇ. ಅವರು ಮುಂದೆ ಕೇಳಲಿಲ್ಲ. ಐವತ್ತಾರು ನನ್ನ ಬಾಯಿಗೆ ತಾನೇ ಬಂದು ನಿಂತಿತ್ತು. ಏಳೊಂದ್ಲ ಹೇಳಿರಲಿಲ್ಲ. ಏಳೆರಡ್ಲ ಹೇಳಿರಲಿಲ್ಲ. ಅರವತ್ತು ವರ್ಷದಲ್ಲಿ ಮೊದಲ ಸಲ ಐವತ್ತಾರು ಓಡದೇ ಬಂದಿತ್ತು. ಗೆರೆ ನೋಡಿದೆ, ಚುಕ್ಕೆ ನೋಡಿದೆ. ಹುಡುಗಿ ದಸರೆಯಲ್ಲಿ ಓಡಿ ಬಂದು ಹೇಳಿದ್ದು ಇದನ್ನೇ. ಅಡ್ಡದಾರಿಯಲ್ಲ. ಅದೇ ಏಳು ಸಾಲು, ಅದೇ ಎಂಟು ಚುಕ್ಕೆ, ಒಂದೂ ಕಡಿಮೆಯಿಲ್ಲ.

ಎದ್ದೆ. ಮೊಣಕಾಲು ನೋಯುತ್ತಿದ್ದುದೂ ತಿಳಿಯಲಿಲ್ಲ. ಗೇಟಿನ ಹತ್ತಿರ ಹೋದೆ.

"ಯಪ್ಪಾ, ಒಂದೀಟು ಒಳಗ ಬಿಡು. ಮೊಮ್ಮಗಳಿಗೆ ಒಂದು ಮಾತು ಹೇಳಿ ಬರ್ತೀನಿ."

ಕಾವಲುಗಾರ ನಕ್ಕ. "ಪರೀಕ್ಷಾ ನಡದದ ಅಜ್ಜಿ. ಯಾರ್ನೂ ಬಿಡಂಗಿಲ್ಲ."

"ಒಳಗ ಬರಂಗಿಲ್ಲ ಬಿಡು. ಕಿಟಕಿಯಾಗಿಂದ ಹೇಳ್ತೀನಿ. ಒಂದೇ ಮಾತು. ಐದಕ್ಕ ಹೋಗು ಅಂತ."

"ಎಲ್ಲಿಗೆ ಹೋಗು?"

ಗೇಟಿನ ಸಲಾಕೆ ಹಿಡಿದು ನಿಂತೆ. ಒಳಗೆ ಉದ್ದನೆಯ ವರಾಂಡ, ಹತ್ತು ಹನ್ನೆರಡು ಬಾಗಿಲು. ಅವಳು ಯಾವ ಬಾಗಿಲ ಹಿಂದೆ ಇದ್ದಾಳೆ ಎಂದೂ ಗೊತ್ತಿಲ್ಲ. ಒಂದು ಶಬ್ದ ಇರಲಿಲ್ಲ ಆ ಶಾಲೆಯಲ್ಲಿ. ಅಷ್ಟು ಮಕ್ಕಳಿದ್ದೂ ಅಷ್ಟು ನಿಶ್ಶಬ್ದ ನಾನು ಎಲ್ಲೂ ಕೇಳಿಲ್ಲ. ಅಕ್ಕೋರು ಬಂದು ತೋಳು ಹಿಡಿದರು. "ಬರ್ರಿ ಅಮ್ಮಾ, ಬಿಸಿಲಿಗೆ ನಿಂದ್ರಬ್ಯಾಡ್ರಿ" ಎಂದರು. ಯಾಕೆ ಎದ್ದಿರಿ ಎಂದು ಕೇಳಲಿಲ್ಲ.

ಗೇಟು ತೆರೆದಾಗ ಮಕ್ಕಳು ದುಡುದುಡು ಬಂದವು. ಸೂಗಮ್ಮ ಕೊನೆಗೆ ಬಂದಳು. ಹೊಸ ಪೆನ್ನುಗಳನ್ನು ಅಕ್ಕೋರಿಗೆ ವಾಪಸ್ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ನಾನು ಕೇಳದೇ ಅವಳೇ ಹೇಳಿದಳು.

"ಅಜ್ಜಿ, ಬಾಯಾಗ ಹೇಳ್ಕೊಂತಿದ್ದೆ. ಆ ಸರ್ ಬಂದು ಬಾಯಿ ಮುಚ್ಚು, ಮಗ್ಗಿ ಹೇಳಂಗಿಲ್ಲ ಇಲ್ಲಿ ಅಂದ್ರು. ಬಾಯಿ ಮುಚ್ಚಿದ್ರ ಬರವಲ್ದು. ಆಮ್ಯಾಲ ನಡುವ ಸಹಿ ಮಾಡು ಅಂತ ಬಂದ್ರು. ಮತ್ತ ಮೊದಲಿಂದ ಹೇಳಿದೆ. ಆಮ್ಯಾಲ ಹಾಳಿ ಕೊಡಾಕ ಬಂದ್ರು. ಮತ್ತ ಮೊದಲಿಂದ."

"ಅಕ್ಕೋರು ಹೇಳಿದಂಗ ಮಾಡ್ಬೇಕಿತ್ತಲ್ಲಬೇ."

ಅವಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು. "ನೀ ಬ್ಯಾಡ ಅಂದಿದ್ದಿಯಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಕನ್ನಡ, ಪರಿಸರ ಎಲ್ಲ ಚೆನ್ನಾಗಿ ಬರೆದಿದ್ದಳು. ಲೆಕ್ಕದ್ದು ಅರ್ಧಕ್ಕಿಂತ ಹೆಚ್ಚು ಖಾಲಿ.

ಪಟ್ಟಿ ಬಂದಾಗ ಅದರಲ್ಲಿ ನಮ್ಮ ಶಾಲೆಯ ಇಬ್ಬರು ಮಕ್ಕಳಿದ್ದರು. ಅಕ್ಕೋರ ಚೀಟಿಯಾಟ ಆಡಿದ ಮಕ್ಕಳೇ. ಸಂಜೆ ಅವಕ್ಕೆ ಮಗ್ಗಿ ಹೇಳಿಸುವ ಅಜ್ಜಿಯರಿರಲಿಲ್ಲ.

ಶಾಲೆಗೆ ರಜೆ ಕೊಟ್ಟ ಮೇಲೆ ಅತಿಥಿ ಶಿಕ್ಷಕಿಯ ಕೆಲಸವೂ ಮುಗಿಯಿತು. ಅಕ್ಕೋರು ಊರಿಗೆ ಹೋದರು. ಏಪ್ರಿಲಿನ ಬಿಸಿಲಲ್ಲಿ ನಾನು ಬಸ್ಸು ಹತ್ತಿ, ಕವಿತಾಳದಲ್ಲಿ ಇನ್ನೊಂದು ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಇನ್ನೊಂದು ಪರೀಕ್ಷೆ, ಎರಡನೇ ಪಟ್ಟಿ, ಏನಾದರೂ ಇದೆಯಾ ಎಂದು ಕೇಳಲು. ಸಂತೆಯಲ್ಲಿ ಬಳೆ ಮಾರುವ ಮುದುಕರನ್ನು ಹುಡುಕಿದೆ. ತಾಡಪತ್ರಿಯ ಕೆಳಗೆ ಅಪ್ಪನ ಜೊತೆ ಅಕ್ಕೋರೇ ಕೂತು ಒಬ್ಬ ಹೆಂಗಸಿನ ಕೈಗೆ ಬಳೆ ಏರಿಸುತ್ತಿದ್ದರು.

"ಪಟ್ಟಿ ಮು‌ಗೀತಮ್ಮಾ. ನಾನೂ ಕೇಳಿದೆ, ಎರಡು ಸಲ ಹೋಗಿ ಕೇಳಿದೆ. ಏನೂ ಇಲ್ಲ" ಎಂದರು.

ಅವರ ಅಪ್ಪ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ಕುಡಿದೆ. ಹೇಳಲೇಬೇಕಿತ್ತು, ಹೇಳಿದೆ. "ಅಕ್ಕೋರ, ಆ ದಿನ ಗೇಟಿನಾಗ ನೀವು ಆ ಕಡಿ ಹೊಳ್ಳಿದಾಗ ನಾ ಅಕಿಗೆ..."

"ಕೇಳಿಸ್ಕೊಂಡೀನಿ."

ಲೋಟ ನನ್ನ ಕೈಯಲ್ಲೇ ಇತ್ತು. "ಮತ್ತ ಸುಮ್ಮನ ಯಾಕ ಇದ್ರಿ? ನನ್ನ ಬಾಯಿ ಮುಚ್ಚಿಸ್ಬೇಕಿಲ್ಲ?"

"ಅಂಥ ಹೊತ್ತಿನ್ಯಾಗ ಇಬ್ರೂ ಎರಡೆರಡು ಮಾತಾಡಿದ್ರ ಆ ಮಗು ಯಾರ ಮಾರಿ ನೋಡ್ಬೇಕಮ್ಮಾ? ದಿನಾ ಉಣಿಸೋರ ಮಾತೇ ಇರ್ಲಿ ಅಂತ ಬಿಟ್ಟೆ." ಬಳೆಗಳನ್ನು ಜೋಡಿ ಜೋಡಿಯಾಗಿ ದಾರಕ್ಕೆ ಪೋಣಿಸುತ್ತಾ ಅವರು ತಲೆ ಎತ್ತಲಿಲ್ಲ. "ತಪ್ಪು ಮಾಡಿದೆ ಅನಸ್ತದ ಒಮ್ಮೊಮ್ಮೆ. ಗೊತ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಸೂಗಮ್ಮಗೆಂದು ಒಂದು ಡಜನ್ ಹಸಿರು ಬಳೆ ಕಟ್ಟಿಕೊಟ್ಟರು.

ಮೇ ಕೊನೆಗೆ ದೇವಮ್ಮ ಬಂದು ಕರೆದುಕೊಂಡು ಹೋದಳು. ನಾನು ಇನ್ನೊಂದು ವರ್ಷ ಬಿಡು ಎಂದೆ. ಅವಳು, "ಯವ್ವಾ, ಮಾತಾಗಿತ್ತಲ್ಲ" ಎಂದಳು. ಮಾತಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸೂಗಮ್ಮನ ಸೊಂಟದ ಮೇಲೆ ತಮ್ಮ ಇದ್ದ. ಅವನ ಭಾರಕ್ಕೆ ಅವಳು ಒಂದು ಪಕ್ಕಕ್ಕೆ ವಾಲಿದ್ದಳು. ಬಳೆ ಹಾಕಿಕೊಂಡಿರಲಿಲ್ಲ. ಕೂಸು ಎಳೆದು ಒಡೆಯುತ್ತಾನೆ ಎಂದು ಚೀಲದಲ್ಲಿಟ್ಟಿದ್ದಳು.

ಹೋದ ಭಾನುವಾರ ಫೋನ್ ಬಂದಿತ್ತು. ಊಟ, ಸೆಕೆ, ನೀರು ಎಲ್ಲ ಕೇಳಿದೆ. ಆಮೇಲೆ ತಡೆಯಲಾಗಲಿಲ್ಲ. "ಏಳೆಂಟ್ಲ ಕೇಳಿದ್ರ ಐದಕ್ಕ ಹೋಗಬೇ ಸೂಗಿ. ಐದೆಂಟ್ಲ ನಲವತ್ತು. ಅಲ್ಲಿಂದ..."

"ಗೊತ್ತದ ಅಜ್ಜಿ."

"ಮರೀಬ್ಯಾಡ."

"ಇಲ್ಲಿ ಯಾರ್ ಕೇಳ್ತಾರ ಅದನ್ನ?" ಎಂದಳು. ಹಿಂದೆ ಕೂಸು ಅಳುತ್ತಿತ್ತು. "ತಮ್ಮ ಎದ್ದ, ಇಡ್ತೀನಿ."

ಇವತ್ತು ಟ್ರೇಗಳನ್ನು ಎಸೆದು, ಕೈ ತೊಳೆದು, ಅಕ್ಕಿ ಅಳೆಯಲು ಕೂತೆ. ನಮ್ಮಪ್ಪನ ಸೇರು ಈಗ ನನ್ನ ಹತ್ತಿರ ಇದೆ. ದಿನಕ್ಕೆ ಹದಿನೆಂಟು ಸೇರು. ಲಾಭ, ಎರಡು, ಮೂರು ಎನ್ನುತ್ತಾ ಪಾತೇಲಿಗೆ ಹಾಕುತ್ತಿದ್ದೆ. ಹನ್ನೊಂದನೆಯದು ಬಿದ್ದಿತ್ತು, ಲಚ್ಚಮ್ಮ ಒಳಗಿನಿಂದ ಕೂಗಿದಳು.

"ಬಸಮ್ಮಾ, ಬ್ಯಾಳಿ ಡಬ್ಬಿಗೂ ನೀರು ಹೋಗ್ಯಾವ ನೋಡು!"

"ಬಿಸಿಲಿಗೆ ಹಾಕು" ಎಂದೆ. ಎಂದ ಮೇಲೆ ತಿಳಿಯಿತು, ಎಣಿಕೆ ನಡುವೆ ಮಾತಾಡಿದ್ದೆ. ಲಚ್ಚಮ್ಮ ಬಾಗಿಲಿಗೆ ಬಂದು ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆ ಎಂದು ಅವಳಿಗೆ ಗೊತ್ತು. ಬೈಗುಳ ಕೇಳಲು ತಯಾರಾಗಿ, ಪಾತೇಲಿಯ ಇನ್ನೊಂದು ಕಿವಿ ಹಿಡಿಯಲು ಬಗ್ಗಿದಳು, ಚೀಲಕ್ಕೆ ವಾಪಸ್ ಸುರಿಯಲು.

"ಬಿಡು" ಎಂದೆ.

ಸೇರು ತುಂಬಿದೆ. ಹನ್ನೆರಡು ಎಂದು ಹಾಕಿದೆ. ಹದಿಮೂರು. ಹದಿನಾಲ್ಕು. ಹದಿನೆಂಟಕ್ಕೆ ನಿಲ್ಲಿಸಿದೆ.

ಮಧ್ಯಾಹ್ನ ಹುಡುಗರೆಲ್ಲ ಕೂತು ಉಂಡರು. ಅನ್ನ ಕಡಿಮೆ ಬೀಳಲಿಲ್ಲ. ಉಳಿಯಲೂ ಇಲ್ಲ.